ಹಳಿ ದಾಟುವಲ್ಲಿನ ದೀಪ

ಬಾಡಿಗೆದಾರನಿಗೆಂದು ಮಹಡಿಗೆ ಹೊರಗಿನಿಂದ ಬೇರೆಯೇ ಮೆಟ್ಟಿಲಿತ್ತು. ಮೊದಲ ಎರಡು ತಿಂಗಳು ನಾನು ಅದನ್ನೇ ಹತ್ತಿ ಇಳಿದೆ. ಮೂರನೆಯ ತಿಂಗಳ ಒಂದು ಭಾನುವಾರ ಮನೆಯೊಡತಿ ಮಿಸ್ ಓರ್ಫಾ ಲಿಂಕಸ್ ಅಡುಗೆಮನೆಯ ಜಾಲರಿ ಬಾಗಿಲು ತೆರೆದು ನಿಂತಿದ್ದರು.

"ದಿನಾ ಡಬ್ಬಿ ಸೂಪು ಬಿಸಿ ಮಾಡ್ಕೊಂಡು ತಿಂತೀಯಲ್ಲ, ಅದರ ವಾಸನೆ ಕೆಳಗಿನವರೆಗೂ ಬರುತ್ತೆ ಮಗಾ. ನನಗೇ ಹೊಟ್ಟೆ ತೊಳಸುತ್ತೆ. ಒಳಗೆ ಬಾ."

ಅಂದಿನಿಂದ ಭಾನುವಾರದ ಊಟ ಅವರ ಮೇಜಿನಲ್ಲಿ. ಚಳಿಗಾಲ ಬರುವ ಹೊತ್ತಿಗೆ ಭಾನುವಾರ ಅನ್ನುವುದು ವಾರಕ್ಕೆ ನಾಲ್ಕು ದಿನವಾಗಿತ್ತು. ಮದುವೆಯಾಗಿ ವಿಧವೆಯಾದ ಹೆಂಗಸನ್ನೂ ಆ ಊರಲ್ಲಿ ಮಿಸ್ ಅಂತಲೇ ಕರೆಯುತ್ತಾರೆ, ಹೆಸರಿನ ಜೊತೆ. ಅದು ಪ್ರೀತಿಯ ಗೌರವ. ಅವರಿಗೆ ನಾನು ಮಗಾ. ಹಾಗೆ ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ನಾನು ಹುಟ್ಟಿದ್ದು ಅಲ್ಲಿಂದ ಪಶ್ಚಿಮಕ್ಕೆ ಮೂರು ಗಂಟೆ ದಾರಿಯ, ಗಣಿ ಕಂಪನಿ ಕಟ್ಟಿಸಿದ ಕಲ್ಲಿದ್ದಲು ಕ್ಯಾಂಪಿನಲ್ಲಿ. ಅಪ್ಪ ಅಮ್ಮ ಹೋದರು, ಆಮೇಲೆ ಗಣಿ ಮುಚ್ಚಿತು, ಆಮೇಲೆ ಕಂಪನಿ ಮನೆಗಳನ್ನೂ ಕೆಡವಿತು. ಕ್ರಿಸ್ಮಸ್ ರಜೆಗೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ, ಲೈಬ್ರರಿ ತೆರೆದಿರುತ್ತದೆ ಅಂತ ಹೇಳುತ್ತಿದ್ದೆ.

ಇದು ೧೯೭೧-೭೨ರ ಮಾತು. ಕಾಲ್ಡರ್ ವರ್ಜೀನಿಯಾದ ಬೆಟ್ಟಗಳ ನಡುವೆ ಹೊಳೆಯಂಚಿನ ಊರು. ಒಂದು ಕಾಲುಚೀಲದ ಮಿಲ್ಲು, ಎರಡು ಚರ್ಚು, ಒಂದು ಕ್ಷೌರದಂಗಡಿ, ಊರನ್ನು ಎರಡಾಗಿ ಸೀಳುವ ರೈಲು ಹಳಿ. ವಿಶ್ವವಿದ್ಯಾಲಯ ಹನ್ನೆರಡು ಮೈಲಿ ಆಚೆ. ಅಲ್ಲಿ ನಾನು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಆದರೆ ನಮ್ಮ ಗುಂಪಿನ ಅರ್ಥಶಾಸ್ತ್ರ ಬೆಲೆ, ಬ್ಯಾಂಕು, ಗೋಧಿಯದ್ದಲ್ಲ. ಸರ್ಕಾರದ್ದು. ಸಂತೆಯಲ್ಲಿ ತನ್ನ ಲಾಭ ನೋಡಿಕೊಳ್ಳುವ ಮನುಷ್ಯ ಮತ ಹಾಕುವಾಗ ಮಾತ್ರ ಬೇರೆ ಮನುಷ್ಯನಾಗುವುದಿಲ್ಲ. ಸಭೆಯಲ್ಲಿ ಕೈ ಎತ್ತುವವನೂ ಅವನೇ, ಮೊಟ್ಟೆ ಕೊಳ್ಳುವವನೂ ಅವನೇ. ಇಷ್ಟನ್ನು ಒಪ್ಪಿಕೊಂಡು ಲೆಕ್ಕ ಹಾಕುತ್ತ ಹೋದರೆ ರಾಜಕೀಯ ಅರ್ಥವಾಗುತ್ತದೆ ಅನ್ನುವುದು ನಮ್ಮ ವಾದ. ನನ್ನ ಮಾರ್ಗದರ್ಶಕ ಪ್ರೊಫೆಸರ್ ಪ್ರೂಯೆಟ್ ಹೇಳುತ್ತಿದ್ದ: "ನಮ್ಮ ಶಾಸ್ತ್ರದಲ್ಲಿ ದೇವರೂ ಇಲ್ಲ, ದೆವ್ವಾನೂ ಇಲ್ಲ. ವ್ಯಾಪಾರ ಮಾತ್ರ." ಆ ಮಾತು ನನಗೆ ಹಿಡಿಸಿತ್ತು. ಕ್ಯಾಂಪಿನಲ್ಲಿ ಬೆಳೆದವನಿಗೆ ದೊಡ್ಡವರ ಒಳ್ಳೆಯತನದ ಬಗ್ಗೆ ಭಾಷಣ ಕೇಳಿ ಸಾಕಾಗಿರುತ್ತದೆ.

ನನ್ನ ಪ್ರಬಂಧಕ್ಕೆ ಒಂದು ಚಿಕ್ಕ ಪುರಸಭೆ ಬೇಕಿತ್ತು. ಕಾಲ್ಡರ್‌ನಲ್ಲಿ ಐದೇ ಸದಸ್ಯರು. ಹತ್ತು ವರ್ಷದ ನಡಾವಳಿ ಪುಸ್ತಕಗಳನ್ನು ಓದಿ, ಯಾರು ಯಾವುದಕ್ಕೆ ಹೌದು ಅಂದರು, ಯಾವುದಕ್ಕೆ ಬೇಡ ಅಂದರು ಅಂತ ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿದೆ. ಹಾಳೆ ಮಹಡಿಯ ಗೋಡೆ ತುಂಬ ಹರಡಿತ್ತು.

ಆ ಪಟ್ಟಿಯಲ್ಲಿ ಐದು ವರ್ಷದಿಂದ ಪ್ರತಿ ವಸಂತಕ್ಕೂ ಒಂದು ಸಾಲು ಬರುತ್ತಿತ್ತು: ಹಳಿ ದಾಟುವಲ್ಲಿ ದೀಪ. ಎರಡು ಹೌದು, ಮೂರು ಬೇಡ. ಪ್ರತಿ ಸಲವೂ ಅಷ್ಟೇ.

ಆ ದೀಪ ಕೇಳುತ್ತಿದ್ದವರು ಮಿಸ್ ಓರ್ಫಾ. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಅವರ ಮಗಳು ನಡೀನಳ ಫೋಟೋ ಇತ್ತು. ಹತ್ತೊಂಬತ್ತು ವರ್ಷ, ಮಿಲ್ಲಿನಲ್ಲಿ ಬೆಳಗಿನ ಆರು ಗಂಟೆಯ ಪಾಳಿ. ೧೯೬೬ರ ಅಕ್ಟೋಬರ್‌ನಲ್ಲಿ ಒಂದು ದಿನ ಹೊಳೆಯ ಮಂಜು ಊರಿಗೆ ನುಗ್ಗಿತ್ತು. ಹಳಿಯ ಹತ್ತಿರ ಇದ್ದದ್ದು ಅಡ್ಡಡ್ಡ ಬಡಿದ ಎರಡು ಬಿಳಿ ಹಲಗೆ ಮಾತ್ರ. ಮಂಜಿನಲ್ಲಿ ಬಿಳಿ ಹಲಗೆ ಏನು ಕಂಡೀತು. ಕಲ್ಲಿದ್ದಲ ರೈಲು ಅವಳ ಕಾರನ್ನು ಮುನ್ನೂರು ಅಡಿ ಎಳೆದುಕೊಂಡು ಹೋಯಿತು. ಮಿಸ್ ಓರ್ಫಾ ಕೇಳುತ್ತಿದ್ದದ್ದು ಮಿಣುಕುವ ಕೆಂಪು ದೀಪ, ರೈಲು ಬಂದಾಗ ಬಾರಿಸುವ ಒಂದು ಗಂಟೆ, ಅಷ್ಟೇ. ಊರು ತನ್ನ ಪಾಲು ಕೊಟ್ಟರೆ ಉಳಿದದ್ದನ್ನು ರಾಜ್ಯವೂ ರೈಲ್ವೆಯೂ ಹಾಕಲು ತಯಾರಿದ್ದವು. ಊರು ಕೊಡಲಿಲ್ಲ. ಆ ಮೂರನೆಯ "ಬೇಡ" ಯಾವಾಗಲೂ ಕ್ಲೇಟನ್ ವೆಡಲ್‌ನದು. ಗುಡ್ಡದ ಬುಡದಲ್ಲಿ ದನದ ಮೇವಿನ ಅಂಗಡಿ ಇಟ್ಟಿದ್ದ ಗಟ್ಟಿ ಆಳು. ಗುಡ್ಡಕ್ಕೆ ಉಪಯೋಗವಿಲ್ಲದ ಯಾವ ಖರ್ಚಿಗೂ ಬೇಡ ಅನ್ನುತ್ತಿದ್ದ. ಆ ಕಾರಣಕ್ಕೇ ಗುಡ್ಡದವರು ಅವನನ್ನು ಆರಿಸಿ ಕಳಿಸುತ್ತಿದ್ದರು.

ಫೆಬ್ರವರಿಯಲ್ಲಿ ಮಿಸ್ ಓರ್ಫಾ ವೆಡಲ್‌ಗೆ ಕಾಗದ ಬರೆದರು. ನಾಲ್ಕು ಪುಟ. ತಪ್ಪು ತಿದ್ದಿಕೊಡು ಅಂತ ನನ್ನ ಮುಂದೆ ಇಟ್ಟು ಪಾತ್ರೆ ತೊಳೆಯಲು ತಿರುಗಿ ನಿಂತರು. ಅದರಲ್ಲಿ ನಾನು ಮೊದಲು ಕೇಳಿರದ ಒಂದು ಮಾತಿತ್ತು. ಆ ದಿನ ನಡೀನ್ ಕಾಫಿ ಕುಡಿಯುತ್ತ ಕೂತಿದ್ದಳಂತೆ. ಹೊತ್ತಾಯಿತು ಏಳು, ಬೇಗ ಓಡಿಸು ಅಂತ ಗದರಿ ಎಬ್ಬಿಸಿದ್ದು ತಾನೇ ಅಂತ ಬರೆದಿದ್ದರು. ನಾನು ಎರಡು ಕಡೆ ತಿದ್ದಿ, "ಸರಿಯಾಗಿದೆ" ಅಂದೆ.

"ಅಷ್ಟೇನಾ?"

"ಅಷ್ಟೇ, ಮಿಸ್ ಓರ್ಫಾ. ಅಕ್ಷರ ಚೆನ್ನಾಗಿದೆ."

ಮಾರ್ಚ್ ತಿಂಗಳ ಸಭೆಯಲ್ಲಿ ವೆಡಲ್ ಕೈ ಎತ್ತಿದ. ಹೌದು ಮೂರು, ಬೇಡ ಎರಡು. ಜುಲೈಯಿಂದ ಶುರುವಾಗುವ ಹೊಸ ವರ್ಷದ ಬಜೆಟ್ಟಿನಲ್ಲಿ ಊರಿನ ಪಾಲು ಸೇರಿಸುವುದು ಅಂತ ಠರಾವಾಯಿತು.

ಮಿಸ್ ಓರ್ಫಾ ಅಳಲಿಲ್ಲ. ಮರುದಿನ ನೆಲಮಾಳಿಗೆಯಿಂದ ಸೇಬಿನ ಮುರಬ್ಬದ ಎರಡು ಬಾಟಲಿ ತಂದು ಒರೆಸಿ, ನನ್ನ ಕಾರಿನಲ್ಲಿ ಕೂತು ವೆಡಲ್‌ನ ಅಂಗಡಿಗೆ ಹೋದರು. ಐದು ವರ್ಷ ಅವರು ಆ ಅಂಗಡಿಯ ಮುಂದಿನ ರಸ್ತೆಯಲ್ಲೂ ನಡೆದಿರಲಿಲ್ಲ. ಬಾಟಲಿಗಳನ್ನು ಗಲ್ಲಾದ ಪಕ್ಕ ಇಟ್ಟು ಹೊರಗೆ ಬಂದರು. ವೆಡಲ್ ಟೋಪಿ ತೆಗೆದು ನಿಂತಿದ್ದು ಕಿಟಕಿಯಿಂದ ಕಂಡಿತು. ವಾಪಸು ಬರುವಾಗ ಒಂದೇ ಮಾತು ಆಡಿದರು.

"ಅವನು ಓದಿದ, ಮಗಾ."

ಆ ವಾರದಿಂದ ಮನೆಯಲ್ಲಿ ಏನೋ ಸಡಿಲವಾಯಿತು. ಅವರು ರೇಡಿಯೋ ಹಾಕುತ್ತಿದ್ದರು. ಊಟಕ್ಕೆ ಕೂತಾಗ ನಡೀನ್ ಹೇಗೆ ಬೀನ್ಸ್ ತಿನ್ನದೆ ಕರವಸ್ತ್ರದಲ್ಲಿ ಬಚ್ಚಿಡುತ್ತಿದ್ದಳು ಅಂತ ಹೇಳಿ ನಗುತ್ತಿದ್ದರು. ಮೊದಲೆಲ್ಲ ಆ ಹೆಸರು ಬಂದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದರು.

ಮೂರು ವಾರ ಕಳೆದ ಮೇಲೆ ಪುರಸಭೆ ಗುಡ್ಡದ ಮೇಲಿನ ಹನ್ನೊಂದು ಮನೆಗೆ ನೀರಿನ ಕೊಳವೆ ಎಳೆಯಲು ಒಪ್ಪಿತು. ಅದೂ ಮೂರಕ್ಕೆ ಎರಡು. ನಾಲ್ಕು ವರ್ಷ ಆ ಕೊಳವೆಗೆ ಅಡ್ಡ ನಿಂತಿದ್ದವನು ಕ್ಷೌರಿಕ ಹೋಬಾರ್ಟ್ ಏಕರ್ಸ್, ಐವರು ಸದಸ್ಯರಲ್ಲಿ ಅವನೂ ಒಬ್ಬ. ಈಗ ಹೌದು ಅಂದಿದ್ದ. ದೀಪಕ್ಕೆ ಮೊದಲಿನಿಂದ ಹೌದು ಅನ್ನುತ್ತಿದ್ದವನೂ ಅವನೇ, ಅವನ ಅಂಗಡಿ ಹಳಿಗೆ ಅಂಟಿಕೊಂಡೇ ಇತ್ತು. ಗೋಡೆಯ ಹಾಳೆಯಲ್ಲಿ ಆ ಎರಡೂ ಸಾಲುಗಳನ್ನು ಒಂದು ಗೆರೆ ಎಳೆದು ಸೇರಿಸಿದೆ. ತಲೆಗೂದಲು ಉದ್ದವಾಗಿಲ್ಲದಿದ್ದರೂ ಕ್ಷೌರಕ್ಕೆ ಹೋದೆ.

"ಏನ್ ಕತ್ತರಿಸಲಿ ಪ್ರೊಫೆಸರ್? ಹೋದ ವಾರ ತಾನೆ ಬೋಳಿಸಿದ್ದೀನಿ," ಅಂದ ಹೋಬಾರ್ಟ್.

"ನೀರಿಗೆ ಹೌದು ಅಂದ್ರಂತೆ?"

ಅವನು ಕನ್ನಡಿಯಲ್ಲೇ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ. "ಕ್ಲೇಟನ್ ನನ್ನ ದೀಪಕ್ಕೆ ಕೈ ಎತ್ತಿದ. ನಾನು ಅವನ ನೀರಿಗೆ ಕೈ ಎತ್ತಿದೆ. ಅವನ ತಂಗಿ ಮನೇನೂ ಅಲ್ಲೇ ಇದೆ, ಪಾಪ, ಬಾವಿ ನೀರು ತುಕ್ಕು ತುಕ್ಕು. ಇದೇ ಕುರ್ಚೀಲಿ ಕೂತು ಮಾತಾಡಿದ್ವಿ. ಗಡ್ಡಕ್ಕೆ ಸೋಪು ಹಚ್ಚಿದ್ದೆ, ಓಡಿ ಹೋಗೋಕಾಗ್ಲಿಲ್ಲ ಅವನಿಗೆ." ಹೊಟ್ಟೆ ಕುಲುಕಿಸಿ ನಕ್ಕ. "ಎರಡು ಕೆಲಸ ಆಯ್ತು. ಯಾರಿಗೂ ನಷ್ಟ ಇಲ್ಲ. ನಿನ್ನ ಪುಸ್ತಕದಲ್ಲಿ ಬರ್ಕೋ, ಹೆಸರು ಮಾತ್ರ ಹಾಕ್ಬೇಡ."

ನನಗೆ ಬೇಕಿದ್ದದ್ದು ಇದೇ. ಮತ ವಿನಿಮಯ. ಬಹುಮತದ ಎಣಿಕೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದೇ ಕೈ. ಯಾರಿಗೆ ಎಷ್ಟು ಜೋರಾಗಿ ಬೇಕು ಅಂತ ಅದು ಕೇಳುವುದಿಲ್ಲ. ತನಗೆ ಅಷ್ಟೇನೂ ಮುಖ್ಯವಲ್ಲದ ವಿಷಯದಲ್ಲಿ ಮತ ಬಿಟ್ಟುಕೊಟ್ಟು, ಪ್ರಾಣವಿಟ್ಟುಕೊಂಡ ವಿಷಯದಲ್ಲಿ ಇನ್ನೊಬ್ಬನ ಮತ ಪಡೆದರೆ ಆ ಜೋರೂ ಎಣಿಕೆಗೆ ಸೇರುತ್ತದೆ. ಪುಸ್ತಕದಲ್ಲಿ ಓದಿದ್ದು ಹಳಿಯ ಪಕ್ಕದ ಕ್ಷೌರದಂಗಡಿಯಲ್ಲಿ ಸೋಪು ಹಚ್ಚಿಕೊಂಡು ಕೂತಿತ್ತು. ಪ್ರೂಯೆಟ್ ಅಧ್ಯಾಯ ಓದಿ ಅಂಚಿನಲ್ಲಿ ಒಂದೇ ಪದ ಬರೆದ: "ಸೊಗಸು." ಆ ಹಾಳೆಯನ್ನು ನಾನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ತೋರಿಸಲು ಯಾರಿದ್ದರು.

ಮಿಸ್ ಓರ್ಫಾಗೆ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಅವರ ಸಂತೋಷಕ್ಕೂ ನನ್ನ ಅಧ್ಯಾಯಕ್ಕೂ ಜಗಳವಿದೆ ಅಂತ ನನಗೆ ಹೊಳೆಯಲೇ ಇಲ್ಲ. ಅವರಿಗೆ ದೀಪ ಸಿಕ್ಕಿತು. ಯಾಕೆ ಸಿಕ್ಕಿತು ಅನ್ನುವುದು ನನ್ನ ವಿಷಯ.

ಮೇ ತಿಂಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಊರೊಟ್ಟಿನ ಊಟ. ತಿಂಗಳಿಗೊಮ್ಮೆ ನಡೆಯುತ್ತದೆ; ಪ್ರತಿ ಮನೆಯಿಂದ ಒಂದೊಂದು ತಟ್ಟೆ ಅಡುಗೆ, ಉಂಡ ಮೇಲೆ ಯಾರಾದರೂ ಒಬ್ಬರು ಹದಿನೈದು ನಿಮಿಷ ಮಾತಾಡಬೇಕು. ಜೇನು ಸಾಕಿದವರು, ಯುದ್ಧದಿಂದ ಬಂದವರು, ಹಲ್ಲಿನ ಡಾಕ್ಟರು. ಆ ಸಲ ಮಿಸ್ ಓರ್ಫಾ ನನ್ನ ಹೆಸರು ಕೊಟ್ಟಿದ್ದರು. ಗಂಡನ ನೀಲಿ ಟೈಗೆ ಇಸ್ತ್ರಿ ಮಾಡಿ ನನ್ನ ಕೊರಳಿಗೆ ತಾವೇ ಕಟ್ಟಿದರು.

"ನಮ್ಮ ಊರಿನ ಬಗ್ಗೆ ಏನೋ ಬರೀತಿದ್ದೀಯಲ್ಲ, ಅದನ್ನ ಹೇಳು. ಅರ್ಥ ಆಗೋ ಹಾಗೆ ಹೇಳು. ಕೈ ಜೇಬಲ್ಲಿ ಇಟ್ಕೋಬೇಡ."

ಅರವತ್ತು ಜನ ಇದ್ದರು. ಹ್ಯಾಮು, ಆಲೂಗಡ್ಡೆ, ಜೋಳದ ಬ್ರೆಡ್ಡು, ಹಣ್ಣು ತುಂಬಿ ಸುಟ್ಟ ಏಳು ಬಗೆಯ ಪೈ. ಮಿಸ್ ಓರ್ಫಾ ಮುಂದಿನ ಮೇಜಿನಲ್ಲಿ ಕೂತಿದ್ದರು. ಹೋಬಾರ್ಟ್ ಕಾಫಿ ಪಾತ್ರೆಯ ಹತ್ತಿರ. ವೆಡಲ್ ಹಿಂದೆ, ಹೆಂಡತಿಯ ಜೊತೆ. ಮಕ್ಕಳ ಪಾಠದ ಕಪ್ಪು ಹಲಗೆಯನ್ನು ಎಳೆದು ತಂದು ನಾನು ಶುರು ಮಾಡಿದೆ. ನನಗೆ ಆ ಜನರಿಗೆ ಏನಾದರೂ ಕೊಡಬೇಕು ಅನ್ನಿಸಿತ್ತು. ಏಳು ತಿಂಗಳು ಅವರ ಅಡುಗೆ ತಿಂದಿದ್ದೆ. ನನ್ನ ಹತ್ತಿರ ಕೊಡುವುದಕ್ಕೆ ಇದ್ದದ್ದು ಒಂದು ಸಿದ್ಧಾಂತ, ಮತ್ತು ಆ ಸಿದ್ಧಾಂತದ ಪ್ರಕಾರ ಅವರ ಊರು ತುಂಬ ಚೆನ್ನಾಗಿ ನಡೆಯುತ್ತಿತ್ತು. ಅದನ್ನೇ ಹೊಗಳಿಕೆಯಾಗಿ ಕೊಡೋಣ ಅಂದುಕೊಂಡೆ.

"ಒಂದು ಪುರಸಭೆ ಅಂದ್ಕೊಳ್ಳಿ," ಅಂದೆ. "ಒಬ್ಬ ಸದಸ್ಯ ಎ. ಇನ್ನೊಬ್ಬ ಬಿ. ಎ ಅನ್ನೋರಿಗೆ ಒಂದು ದೀಪ ಬೇಕು. ಬಿ ಅನ್ನೋರಿಗೆ ನೀರು ಬೇಕು."

ಹಲಗೆಯ ಮೇಲೆ ಎರಡು ಸಾಲು, ಎರಡು ಅಂಕಣ ಬರೆದೆ. ಬಾಣದ ಗುರುತು ಹಾಕಿದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಒಳ್ಳೆಯವರಾಗಬೇಕಾದ ಅಗತ್ಯವೂ ಇಲ್ಲ, ಅದೇ ಇದರ ಚಂದ ಅಂದೆ. ಬಿ ಅನ್ನುವವನಿಗೆ ದೀಪ ಮುಖ್ಯವಲ್ಲ, ಎ ಅನ್ನುವವನಿಗೆ ನೀರು ಮುಖ್ಯವಲ್ಲ. ಆದರೂ ಊರಿಗೆ ಎರಡೂ ಬಂತು. ಯಾರ ಮನಸ್ಸೂ ಕರಗಬೇಕಾಗಲಿಲ್ಲ.

ನಾನು ಹೆಸರು ಹೇಳಿರಲಿಲ್ಲ. ಹೇಳಿಲ್ಲ ಅಂದಮೇಲೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ನಿಜವಾಗಿ ನಂಬಿದ್ದೆ. ನಮ್ಮ ಪತ್ರಿಕೆಗಳಲ್ಲಿ ಎ, ಬಿ ಅಂತ ಬರೆದರೆ ಅದು ಎ, ಬಿ ಮಾತ್ರ. ಅರವತ್ತು ಜನರ ಊಟದಲ್ಲಿ, ಐದು ಸದಸ್ಯರ ಊರಿನಲ್ಲಿ, ಎ ಕಾಫಿ ಪಾತ್ರೆಯ ಪಕ್ಕ ನಿಂತಿರುತ್ತಾನೆ, ಬಿ ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿರುತ್ತಾನೆ. ಇದು ಹೊಳೆಯದಿರಬೇಕಾದರೆ ನನ್ನಷ್ಟು ಓದಿರಬೇಕು.

ಚಮಚದ ಸದ್ದು ನಿಂತದ್ದು ನನಗೆ ತಡವಾಗಿ ಕೇಳಿಸಿತು.

ವೆಡಲ್ ಎದ್ದು ನಿಂತ. "ಆ ಹುಡುಗಿ ಸಲುವಾಗಿ ಕೇಳಿದ್ದ ದೀಪಾನ ನಾನು ಒಂದು ಪೈಪಿಗೆ ಮಾರ್ಕೊಂಡೆ ಅಂತಿದ್ದೀಯಾ?"

"ಮಾರಿದ್ದಲ್ಲ ಸರ್. ವಿನಿಮಯ. ನಾನು ಅದನ್ನ ಒಳ್ಳೇದು ಅಂತಾನೇ—"

"ಸಾಕು ಕೂತ್ಕೊಳೋ ಮಾರಾಯ," ಅಂದ ಹೋಬಾರ್ಟ್, ಹಲ್ಲು ಕಚ್ಚಿ.

ಆಗ ಮಿಸ್ ಓರ್ಫಾ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಸ್ವರ ಏರಿಸಲಿಲ್ಲ. ಉಪ್ಪು ಈ ಕಡೆ ಕೊಡಿ ಅನ್ನುವ ಹಾಗೆ ಕೇಳಿದರು.

"ಕ್ಲೇಟನ್. ನನ್ನ ಕಾಗದ ಓದಿದೆಯಾ?"

ಅವನು ಅರವತ್ತು ಮುಖಗಳನ್ನು ನೋಡಿದ, ಹಲಗೆಯ ಮೇಲಿನ ಬಾಣವನ್ನು ನೋಡಿದ. ಟೋಪಿ ತೆಗೆದುಕೊಂಡು ಹೊರಗೆ ಹೋದ. ಹೆಂಡತಿ ತಾನು ತಂದಿದ್ದ ಪೈ ತಟ್ಟೆ ಎತ್ತಿಕೊಂಡು, ಅರ್ಧ ಉಳಿದಿತ್ತು, ಹಿಂದೆಯೇ ಹೋದಳು.

ಮನೆಗೆ ನಾವಿಬ್ಬರೂ ನಡೆದು ಬಂದೆವು. ಇನ್ನೂ ಬೆಳಕಿತ್ತು. ಗೇಟಿನ ಹತ್ತಿರ ಅವರು ಕೈ ಚಾಚಿದರು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಟೈ ಬಿಚ್ಚಿ ಕೊಟ್ಟೆ.

"ಥ್ಯಾಂಕ್ಸ್, ಮಿಸ್ಟರ್ ಸ್ಟಾಲರ್ಡ್," ಅಂದರು. "ಮೆಟ್ಟಿಲ ಮೇಲೆ ನೋಡ್ಕೊಂಡು ಹೋಗಿ."

ನಾನು ಲೋವೆಲ್ ಸ್ಟಾಲರ್ಡ್. ಅವರು ನನ್ನನ್ನು ಹಾಗೆ ಕರೆದದ್ದು ಬಾಡಿಗೆಯ ಕರಾರಿಗೆ ಸಹಿ ಹಾಕಿದ ದಿನ ಮಾತ್ರ.

ಎರಡು ದಿನ ಕಾದು ವೆಡಲ್‌ನ ಅಂಗಡಿಗೆ ಹೋದೆ. ಅವನು ಮೇವಿನ ಚೀಲಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಮುರಬ್ಬದ ಒಂದು ಬಾಟಲಿ ಇನ್ನೂ ಗಲ್ಲಾದ ಪಕ್ಕದಲ್ಲೇ ಇತ್ತು, ತೆರೆದಿರಲಿಲ್ಲ.

"ಕ್ಷಮೆ ಕೇಳೋಕೆ ಬಂದೆ," ಅಂದೆ.

"ಕೇಳು."

ಕೇಳಿದೆ. ಅವನು ಇನ್ನೆರಡು ಚೀಲ ಎತ್ತಿಟ್ಟ.

"ಕಾಗದ ಓದಿದೆ," ಅಂದ, ಬೆನ್ನು ಹಾಕಿಕೊಂಡೇ. "ಮೂರು ಸಲ ಓದಿದೆ. ಕಾಫಿ ಕುಡೀತಾ ಕೂತವಳನ್ನ ಗದರಿ ಎಬ್ಬಿಸಿದ್ದು... ಅದು ಗೊತ್ತಿರ್ಲಿಲ್ಲ ನನಗೆ. ಅವತ್ತೇ ತೀರ್ಮಾನ ಮಾಡ್ಬಿಟ್ಟೆ. ಆದ್ರೆ ಐದು ವರ್ಷ ಬೇಡ ಅಂದವನು, ಒಬ್ಬ ಹೆಂಗಸಿನ ಕಾಗದಕ್ಕೆ ಕರಗಿಹೋದ ಅಂದ್ರೆ ಗುಡ್ಡದವರು ಸುಮ್ನೆ ಬಿಡ್ತಾರಾ? ನಾಳೆ ಎಲ್ಲಾರೂ ಕಾಗದ ಹಿಡ್ಕೊಂಡು ಬರ್ತಾರೆ. ಏನಾದ್ರೂ ತಂದೆ ಅಂತ ತೋರಿಸ್ಬೇಕಿತ್ತು. ಅದಕ್ಕೆ ಹೋಬಾರ್ಟ್ ಹತ್ರ ನೀರು ಕೇಳಿದೆ. ಸೋಪು ಹಚ್ಚಿದಾಗ ಸಿಕ್ಕಿಹಾಕ್ಕೊಂಡೆ ಅಂತ ಅವನು ಎಲ್ಲರ ಹತ್ರಾನೂ ಹೇಳ್ತಾನೆ. ಆ ಕುರ್ಚೀಲಿ ಹೋಗಿ ಕೂತಿದ್ದು ನಾನೇ."

"ಹಾಗಾದ್ರೆ ಇದನ್ನ ಮಿಸ್ ಓರ್ಫಾಗೆ ಹೇಳಿ ಸರ್. ಇವತ್ತೇ ಹೇಳಿ."

ಅವನು ತಿರುಗಿದ. "ಈಗ ಹೇಳಿದ್ರೆ ಯಾರು ನಂಬ್ತಾರೆ? ಸಿಕ್ಕಿಬಿದ್ದವನು ಇನ್ನೇನು ಹೇಳ್ತಾನೆ? ನೀನು ಓದಿದವನು. ನೀನು ನಂಬ್ತೀಯಾ?"

ಹೌದು ಅಂದುಬಿಡಬಹುದಿತ್ತು. ಒಂದು ಪದ. ಆದರೆ ನಾನು ಯೋಚಿಸಿದೆ. ಅವನು ಮೊದಲು ಕರಗಿ ಆಮೇಲೆ ನೆಪ ಹುಡುಕಿದನೋ, ಅಥವಾ ವ್ಯಾಪಾರ ಮಾಡಿ ಈಗ ಕಾಗದದ ಕಥೆ ಕಟ್ಟುತ್ತಿದ್ದಾನೋ. ಎರಡರಲ್ಲೂ ನನ್ನ ಪಟ್ಟಿಯಲ್ಲಿ ಬೀಳುವ ಗುರುತು ಒಂದೇ. ಮಾರ್ಚ್: ಹೌದು. ಏಪ್ರಿಲ್: ಹೌದು. ಕಾಗದದ ಒಳಗಿನ ಮಾತು ಅವನಿಗೆ ಗೊತ್ತಿತ್ತು, ಆದ್ದರಿಂದ ಓದಿದ್ದಂತೂ ನಿಜ. ಯಾವಾಗ ಓದಿದ? ಊಟದ ಮರುದಿನವೂ ಓದಿರಬಹುದು. ನಾನು ಹೀಗೆ ಒಂದೊಂದನ್ನೇ ಪರೀಕ್ಷಿಸುತ್ತ ನಿಂತೆ. ಅವನು ನನ್ನ ಮುಖ ನೋಡುತ್ತ ನಿಂತ.

"ಸರಿ. ಹೋಗು," ಅಂದ.

ಜೂನ್‌ನಲ್ಲಿ ಬಜೆಟ್ ಸಭೆ; ಮೊದಲೇ ಒಪ್ಪಿದ ಖರ್ಚುಗಳಿಗೂ ಅಲ್ಲಿ ಒಂದೊಂದಾಗಿ ಇನ್ನೊಮ್ಮೆ ಮತ ಹಾಕಬೇಕು. ನಾನು ಎಂದಿನಂತೆ ಹಿಂದಿನ ಬೆಂಚಿನಲ್ಲಿ ಹಾಳೆ ಹಿಡಿದು ಕೂತಿದ್ದೆ. ಮಿಸ್ ಓರ್ಫಾ ಮುಂದಿನ ಬೆಂಚಿನಲ್ಲಿ. ನೀರಿನ ಸಾಲು ಬಂದಾಗ ವೆಡಲ್ ಎದ್ದ. ಈ ಎರಡು ವಿಷಯದಲ್ಲಿ ತಾನು ಮತ ಹಾಕುವುದಿಲ್ಲ, ಯಾವ ಕಡೆಗೂ ಇಲ್ಲ, ಮಾರಿದ ಅಂತ ಯಾರೂ ಅನ್ನಬಾರದು, ಬರೆದುಕೊಳ್ಳಿ ಅಂದ. ಗುಮಾಸ್ತ ಬರೆದುಕೊಂಡ. ಹೋಬಾರ್ಟ್ ಕೊಟ್ಟ ಮಾತಿಗೆ ತಪ್ಪಲಿಲ್ಲ, ನೀರಿಗೆ ಕೈ ಎತ್ತಿದ. ಎರಡಕ್ಕೆ ಎರಡು. ಸಮ ಬಂದರೆ ಠರಾವು ಬಿದ್ದ ಹಾಗೆ. ನೀರು ಬಿತ್ತು. ಆಮೇಲೆ ದೀಪ. ಹೋಬಾರ್ಟ್ ಮೇಜಿನ ಮೇಲೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಂಡ.

"ಕ್ಲೇಟನ್, ಹೆಂಗಸು ಇಲ್ಲೇ ಕೂತಿದ್ದಾಳೆ. ನಿನ್ನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ. ಕೈ ಎತ್ತು ಮಾರಾಯ."

ವೆಡಲ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಅಷ್ಟು ದೊಡ್ಡ ಆಳು ಶಾಲೆಯ ಹುಡುಗನ ಹಾಗೆ. ಎರಡಕ್ಕೆ ಎರಡು. ದೀಪವೂ ಬಿತ್ತು.

ಅವನ ತಂಗಿಗೆ ನೀರಿಲ್ಲ, ಊರಿಗೆ ದೀಪವಿಲ್ಲ, ಅವನಿಗೆ ಮುಂದಿನ ಚುನಾವಣೆಯಿಲ್ಲ. ಅವನು ಮಾಡಿದ್ದರಿಂದ ಯಾರಿಗೂ, ಅವನಿಗೂ, ಏನೂ ಸಿಗಲಿಲ್ಲ. ನನ್ನ ಪಟ್ಟಿಯಲ್ಲಿ ಹೌದು ಅನ್ನುವುದಕ್ಕೊಂದು ಗುರುತಿತ್ತು, ಬೇಡ ಅನ್ನುವುದಕ್ಕೊಂದು. ಆ ಎರಡು ಚೌಕಗಳನ್ನು ಖಾಲಿ ಬಿಟ್ಟೆ.

ಪ್ರೂಯೆಟ್‌ಗೆ ಹೇಳಿದಾಗ ಅವನು ಕುರ್ಚಿಯಿಂದ ಎದ್ದೇ ಬಿಟ್ಟ. "ಗೊತ್ತಾಯ್ತಾ ಇದರ ಬೆಲೆ? ಗುಟ್ಟಾಗಿದ್ದಷ್ಟು ದಿನ ವಿನಿಮಯ ನಿಲ್ಲುತ್ತೆ, ಬಯಲಾದ್ರೆ ಮುರಿಯುತ್ತೆ. ಗುಟ್ಟೂ ಒಂದು ಷರತ್ತು. ಇದನ್ನ ಇದುವರೆಗೆ ಯಾರೂ ಇಷ್ಟು ಹತ್ತಿರದಿಂದ ನೋಡಿಲ್ಲ ಲೋವೆಲ್. ಇನ್ನೊಂದು ಅಧ್ಯಾಯ ಬರಿ."

"ದೀಪ ಹೋಯ್ತು ಸರ್."

"ಹೌದು. ಅದೇ ಪುರಾವೆ."

ಅಧ್ಯಾಯ ಬರೆದೆ. ಬರೆಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ಅಧ್ಯಾಯದಿಂದಲೇ ನನಗೆ ಡಿಗ್ರಿಯೂ ಆಮೇಲೆ ಒಂದು ಕೆಲಸವೂ ಸಿಕ್ಕಿತು.

ಜುಲೈಯಲ್ಲಿ ಒಂದು ದಿನ ಜಾಲರಿ ಬಾಗಿಲು ತಟ್ಟಿದೆ. ಒಳಗಿನಿಂದ ಕೊಂಡಿ ಹಾಕಿತ್ತು. ಮಿಸ್ ಓರ್ಫಾ ಬಂದು ಜಾಲರಿಯ ಆಚೆ ನಿಂತರು. ವೆಡಲ್ ಅಂಗಡಿಯಲ್ಲಿ ಹೇಳಿದ್ದನ್ನು, ಮೂರು ಸಲ ಓದಿದ್ದನ್ನು, ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ಇದನ್ನೂ ಪುಸ್ತಕದಲ್ಲಿ ಬರೀತೀರಾ, ಮಿಸ್ಟರ್ ಸ್ಟಾಲರ್ಡ್?"

"ಇಲ್ಲ."

"ಯಾಕೆ?"

"ಸಾಬೀತು ಮಾಡೋಕಾಗಲ್ಲ."

ಅವರು ತಲೆ ಆಡಿಸಿದರು, ಒಂದು ವಸ್ತುವಿನ ಬೆಲೆ ಕೇಳಿ ಬೇಡ ಅಂದುಕೊಂಡವರ ಹಾಗೆ. "ಬಾಡಿಗೆ ಕವರು ಮೆಟ್ಟಿಲ ಕೆಳಗಿನ ಡಬ್ಬಿಗೇ ಹಾಕಿ. ಕೈಗೆ ಕೊಡಬೇಕಾಗಿಲ್ಲ." ಒಳಗೆ ಹೋದರು. ರೇಡಿಯೋ ಸದ್ದು ಇರಲಿಲ್ಲ.

ಮನೆ ಬಿಡಿ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು. ನಾನು ಹೊರಗಿನ ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಹೋಬಾರ್ಟ್ ಕೂದಲು ಕತ್ತರಿಸುತ್ತಿದ್ದ, ಕೊಟ್ಟದ್ದು ತೆಗೆದುಕೊಳ್ಳುತ್ತಿದ್ದ, ಹವಾಮಾನದ ಬಗ್ಗೆ ಕೂಡ ಮಾತಾಡುತ್ತಿರಲಿಲ್ಲ. ಮಹಡಿಯಲ್ಲಿ ಡಬ್ಬಿ ಸೂಪು ಬಿಸಿ ಮಾಡುವಾಗ, ವಾಸನೆ ಕೆಳಗೆ ಹೋಗದಿರಲಿ ಅಂತ ಕಿಟಕಿ ತೆರೆದಿಡುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಮಂಜು ಶುರುವಾಯಿತು. ಮೊದಲ ಮಂಜಿನ ದಿನ ಐದೂವರೆಗೆ ಜಾಲರಿ ಬಾಗಿಲಿನ ಸದ್ದಾಗಿ ಎಚ್ಚರವಾಯಿತು. ಕಿಟಕಿಯಿಂದ ನೋಡಿದೆ. ಗಂಡನ ಉದ್ದ ಕೋಟು ಹಾಕಿಕೊಂಡು, ಕೈಯಲ್ಲಿ ದೊಡ್ಡ ಟಾರ್ಚು ಹಿಡಿದು ಮಿಸ್ ಓರ್ಫಾ ರಸ್ತೆಗೆ ಇಳಿದರು. ಟಾರ್ಚಿನ ಗಾಜಿಗೆ ಕೆಂಪು ಬಟ್ಟೆ ಕಟ್ಟಿತ್ತು. ಆರೂಕಾಲಿಗೆ ವಾಪಸು ಬಂದರು. ಮರುದಿನವೂ ಮಂಜು, ಮರುದಿನವೂ ಅದೇ. ರೈಲಿನ ಸದ್ದು ಕೇಳಿಸಿದರೆ ರಸ್ತೆಯ ನಡುವೆ ನಿಂತು ಟಾರ್ಚು ಬೀಸುತ್ತಾರಂತೆ. ಮಿಲ್ಲಿನ ಹೆಂಗಸರು ಕಾರು ನಿಲ್ಲಿಸಿ ಕಾಯುತ್ತಾರಂತೆ. ಇದನ್ನು ನನಗೆ ಹೇಳಿದ್ದು ಅಂಚೆಯವನು.

ನಮ್ಮ ಶಾಸ್ತ್ರದಲ್ಲಿ ಇದಕ್ಕೂ ಒಂದು ಪಾಠವಿದೆ. ಎಲ್ಲರಿಗೂ ಉಪಯೋಗವಾಗುವ ಕೆಲಸವನ್ನು ಒಬ್ಬೊಬ್ಬನೂ ಇನ್ನೊಬ್ಬ ಮಾಡಲಿ ಅಂತ ಬಿಡುತ್ತಾನೆ, ಕೊನೆಗೆ ಯಾರೂ ಮಾಡುವುದಿಲ್ಲ. ಆ ಪಾಠವನ್ನು ನಾನು ಆಗ ವಿಶ್ವವಿದ್ಯಾಲಯದ ಮೊದಲ ವರ್ಷದವರಿಗೆ ಕಲಿಸುತ್ತಿದ್ದೆ. ಹನ್ನೊಂದು ಮಂಜಿನ ದಿನ ಹಾಸಿಗೆಯಲ್ಲೇ ಮಲಗಿ ಜಾಲರಿ ಬಾಗಿಲಿನ ಸದ್ದು ಕೇಳಿದೆ.

ಹನ್ನೆರಡನೆಯ ದಿನ ನನ್ನ ಟಾರ್ಚು ತೆಗೆದುಕೊಂಡು ಹೋದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಶೂಸು ನನಗೇ ಕಾಣುತ್ತಿರಲಿಲ್ಲ. ಕೆಂಪು ಬೆಳಕಿನ ಅಂದಾಜಿನ ಮೇಲೆ ನಡೆದು ಹಳಿಯ ಹತ್ತಿರ ಬಂದೆ. ಅವರ ಪಕ್ಕದಲ್ಲಿ ನಿಲ್ಲುವ ಧೈರ್ಯವಾಗಲಿಲ್ಲ. ಹಳಿ ದಾಟಿ ಆಚೆ ಬದಿಯಲ್ಲಿ ನಿಂತು ಟಾರ್ಚು ಹೊತ್ತಿಸಿದೆ.

ಅವರ ಬದಿಯಿಂದ ಧ್ವನಿ ಬಂತು.

"ಯಾರು ಅಲ್ಲಿ?"

"ನಾನು. ಲೋವೆಲ್."

ಕೆಂಪು ಬೆಳಕು ನನ್ನ ಕಡೆ ತಿರುಗಿತು.

"ಆ ಕಡೆಯಿಂದ ಬೆಳಿಗ್ಗೆ ಯಾರೂ ಬರಲ್ಲ, ಮಿಸ್ಟರ್ ಸ್ಟಾಲರ್ಡ್," ಅಂದರು. "ಮಿಲ್ಲು ಇರೋದೇ ಆ ಕಡೆ."

ಅದು ನಿಜ. ಯೋಚಿಸಿದ್ದರೆ ಮನೆಯಲ್ಲೇ ಹೊಳೆಯುತ್ತಿತ್ತು. ಆದರೂ ನಿಂತೆ. ಆರು ಗಂಟೆಯೊಳಗೆ ಅವರ ಕಡೆಯಿಂದ ಒಂಬತ್ತು ಕಾರು ಬಂದವು. ಒಂದು ಸಲ ರೈಲು ಬಂತು. ಕೆಂಪು ಬೆಳಕು ಆಚೀಚೆ ಆಡಿತು, ಕಾರುಗಳು ನಿಂತವು, ಆಮೇಲೆ ಗಾಡಿಗಳ ಉದ್ದನೆಯ ಕಪ್ಪು ಗೋಡೆ ನನ್ನ ಅವರ ನಡುವೆ ಹಾದುಹೋಗುತ್ತಲೇ ಇತ್ತು. ಅದು ಹೋದ ಮೇಲೆ ಕಾರುಗಳು ದಾಟಿದವು. ಒಬ್ಬೊಬ್ಬ ಹೆಂಗಸೂ ಅವರಿಗೆ ಬೀಸಿದ ಕೈಯನ್ನು ಇನ್ನೂ ಕಿಟಕಿಯ ಹೊರಗೇ ಇಟ್ಟುಕೊಂಡು, ನನ್ನನ್ನು ದಾಟಿ ಮಿಲ್ಲಿನ ಕಡೆ ಹೋದಳು. ನನ್ನ ಕಡೆಯಿಂದ ಯಾರೂ ಬರಲಿಲ್ಲ.

ಬೆಳಕು ಹರಿದಾಗ ಕೆಂಪು ದೀಪ ಆರಿತು. ಅವರ ಹೆಜ್ಜೆ ಮನೆಯ ಕಡೆ ಹೋಗುವುದು ಕೇಳಿಸಿತು. ಅವರು ಒಳಗೆ ಹೋಗಿ ಕೊಂಡಿ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ನಾನೂ ಟಾರ್ಚು ಆರಿಸಿ, ಹಳಿ ದಾಟಿ, ಹೊರಗಿನ ಮೆಟ್ಟಿಲು ಹತ್ತಿದೆ.